ಸಾಹೇಬರ ಚಾಕುವಿಗೆ ಕನ್ನಡಿ ಹೊಳಪು

ಜೇಬಿನಲ್ಲಿಟ್ಟುಕೊಂಡು ದಿನಾ ಓಡಾಡುವ ಮಡಚುವ ಚಾಕುವಿಗೆ ಕನ್ನಡಿಯಂಥ ಹೊಳಪು ಕೊಡಿಸುವುದು ದಡ್ಡತನ. ಪುಣೆಯ ನಾರ್ಹೆಯಲ್ಲಿ ಚಾಕು ಮಾಡುವವನು ನನಗೆ ಇದನ್ನು ಮೂರು ಸಲ ಹೇಳಿದ. ಅವನು ಹೇಳುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಆರಿಸಿದೆ. ಆ ಚಾಕು ನನಗಲ್ಲ, ನನ್ನ ಹಳೆಯ ಸಾಹೇಬರಿಗೆ.

ಸಾಹೇಬರ ಮೇಲೆ ನನಗೆ ಯಾಕಿಷ್ಟು ಸಿಟ್ಟು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಅಜ್ಜಿ ಯಾರ ಮೇಲೆ ಸಿಟ್ಟಾದರೂ ಮೊದಲು ಕಾರಣ ಹೇಳುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು. ಧಾರವಾಡದಿಂದ ಪುಣೆಗೆ ಬಂದು ಐವತ್ತು ವರ್ಷವಾದರೂ ಅವಳ ಬಾಯಿಗೆ ಮರಾಠಿ ಬೈಗುಳ ಹತ್ತಲಿಲ್ಲ. ಮರಾಠಿ ಶಾಲೆಗೆ ಹೋದ ನನಗೆ ಕನ್ನಡ ಬಂದದ್ದು ಅವಳ ಅಡಿಗೆಮನೆಯಲ್ಲಿ, ಕಾರಣ ಮತ್ತು ಬೈಗುಳ ಎರಡೂ ಕೂಡಿ.

ಕಾರಣ ಇದು. ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು. ಉಕ್ಕಿನ ಭಾಗಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕಾರ್ಖಾನೆ. ಮೊದಲ ಹದಿನೇಳು ವರ್ಷ ಲ್ಯಾಬಿನಲ್ಲಿದ್ದೆ. ಪ್ರತಿ ಪಾಳಿಯ ಮಾಲಿನಿಂದ ಉಗುರಿನಗಲದ ತುಂಡೊಂದನ್ನು ಕತ್ತರಿಸಿ ಕಳಿಸುತ್ತಿದ್ದರು. ಅದನ್ನು ಕನ್ನಡಿಯಾಗುವ ತನಕ ಉಜ್ಜಿ, ಒಂದು ಹನಿ ಆಸಿಡ್ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು ಉಕ್ಕಿನ ಒಳಗು ಹೇಗಿದೆ ಎಂದು ನೋಡುವುದು ನನ್ನ ಕೆಲಸ.

ಉಜ್ಜುವುದಕ್ಕೂ ಒಂದು ರೀತಿ ಇದೆ. ಒರಟು ಎಮರಿ ಕಾಗದದಿಂದ ಶುರುಮಾಡಿ ನುಣ್ಣನೆಯದಕ್ಕೆ ಹೋಗುತ್ತ ಆರು ಕಾಗದ. ಕಾಗದ ಬದಲಿಸಿದಾಗಲೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು. ಆಗ ಹಿಂದಿನ ಕಾಗದದ ಗೀರುಗಳು ಅಡ್ಡಲಾಗಿ ಕಾಣುತ್ತವೆ. ಅವು ಪೂರಾ ಅಳಿಯುವ ತನಕ ಮುಂದಿನ ಕಾಗದ ಮುಟ್ಟುವ ಹಾಗಿಲ್ಲ. ನಡುವೆ ತುಂಡು ತೊಳೆಯಬೇಕು, ಕೈಯೂ ತೊಳೆಯಬೇಕು. ಒರಟು ಕಾಗದದ ಒಂದು ಕಣ ಉಗುರಿನ ಸಂದಿಯಲ್ಲಿ ಉಳಿದರೆ ಮಾಡಿದ್ದೆಲ್ಲ ಹೋಯಿತು. ನಮ್ಮ ಅಜ್ಜಿ ಮಡಿಯಲ್ಲಿ ಕೂಡ ಅಷ್ಟು ಸಲ ಕೈ ತೊಳೆದಿರಲಿಕ್ಕಿಲ್ಲ. ಕೊನೆಗೆ ಮಖಮಲ್ ಬಟ್ಟೆಯ ಮೇಲೆ ವಜ್ರದ ಪುಡಿಯ ಪೇಸ್ಟು ಹಚ್ಚಿ ತಿಕ್ಕಿದರೆ ತುಂಡಿನಲ್ಲಿ ನನ್ನ ಮೂಗುಬೊಟ್ಟು ಕಾಣುತ್ತಿತ್ತು.

ಸಾಹೇಬರು ಲ್ಯಾಬಿನ ಮುಖ್ಯಸ್ಥರು, ಬೆಳಗಾವಿಯವರು. ಇಡೀ ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ. ಊಟದ ನಂತರ ಜೇಬಿನಿಂದ ಮಡಚುವ ಚಾಕು ತೆಗೆದು, ಹೆಬ್ಬೆರಳಿನಿಂದ ಟಕ್ಕೆಂದು ಬಿಚ್ಚಿ, ಪೇರಲ ಹಣ್ಣು ಹೆಚ್ಚಿ ಮೊದಲ ಹೋಳು ನನಗೆ ಕೊಡುತ್ತಿದ್ದರು. ಚಾಕು ಎಂದರೆ ಅವರಿಗೆ ಜೀವ. ನಮ್ಮವರು, ಹೆಣ್ಣುಮಗಳನ್ನು ಮರ್ಯಾದೆಯಿಂದ ನೋಡುವವರು ಎಂದು ನಾನು ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು.

ಹನ್ನೊಂದು ವರ್ಷದ ಹಿಂದೆ, ಒಂದು ತಿಂಗಳ ಕೊನೆಯಲ್ಲಿ, ತುಂಡೊಂದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಗೀರಿಗೂ ಬಿರುಕಿಗೂ ಫರಕು ಗೊತ್ತಾಗದವರು ಲ್ಯಾಬಿನಲ್ಲಿ ಕೂರಬಾರದು. ಗೀರು ಅಡ್ಡ ಬಂದದ್ದನ್ನೆಲ್ಲ ಕೊಯ್ದು ನೆಟ್ಟಗೆ ಹೋಗುತ್ತದೆ. ಬಿರುಕು ಉಕ್ಕಿನ ಕಣಗಳ ಅಂಚು ಹಿಡಿದು ಸೊಟ್ಟಸೊಟ್ಟ ಹೋಗುತ್ತದೆ. ಇದು ಸೊಟ್ಟ ಹೋಗಿತ್ತು. ಸಾಹೇಬರನ್ನು ಕರೆದು ತೋರಿಸಿದೆ.

"ಗೀರು ಅದ ರೀ ಮೇಡಂ, ನಿಮ್ಮ ಪಾಲಿಶಿಂದು. ಮಾಲು ಹೊರಗ ನಿಂತದ, ಲಾರಿ ಬಂದದ" ಎಂದವರೇ ಸಹಿ ಮಾಡಿದರು.

ಎರಡು ತಿಂಗಳಿಗೆ ಆ ಮಾಲು ಒಡೆದು ವಾಪಸು ಬಂತು. ದೊಡ್ಡ ಕೋಣೆಯಲ್ಲಿ ಸಭೆ ಸೇರಿತು. ಭಟ್ಟಿಯವರು, ಸಾಗಣೆಯವರು, ಎಲ್ಲರೂ ಇದ್ದರು. ಅಲ್ಲಿ ಸಾಹೇಬರು ನನ್ನ ಮುಖ ನೋಡದೆ ಮರಾಠಿಯಲ್ಲಿ ಹೇಳಿದರು: ಸ್ಯಾಂಪಲ್ಲಿನ ಪಾಲಿಶು ಕೆಟ್ಟಿತ್ತು, ಮೈತುಂಬ ಗೀರು, ಹಾಗಾಗಿ ಬಿರುಕು ಗುರುತಿಸಲಾಗಲಿಲ್ಲ. ಸಭೆ ಮುಗಿಯುವ ತನಕ ನಾನು ಮೇಜಿನ ಮೇಲಿನ ವರದಿ ನೋಡುತ್ತ ಕೂತೆ. ಮುಂದಿನ ವಾರ ನನ್ನನ್ನು ದಾಖಲೆ ಕೋಣೆಗೆ ಹಾಕಿದರು. ಒಂಬತ್ತು ವರ್ಷ ಅಲ್ಲಿ ಫೈಲುಗಳ ಧೂಳು ಕುಡಿದೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ. ಕಾರ್ಖಾನೆಯವರ ಬಾಯಲ್ಲಿ ನಾನು ಇವತ್ತಿಗೂ ಪಾಲಿಶು ಕೆಡಿಸಿದ ಕಾಕು.

ಕಾರಣ ಮುಗಿಯಿತು. ಇನ್ನು ಚಾಕುವಿಗೆ ಬರುತ್ತೇನೆ.

ಈ ವರ್ಷ ಸಾಹೇಬರ ನಿವೃತ್ತಿ. ಹಳೆಯವರೂ ಹೊಸಬರೂ ಕೂಡಿ ಇರುವ ವಾಟ್ಸಾಪ್ ಗುಂಪಿನಲ್ಲಿ ಉಡುಗೊರೆಯ ಮಾತು ಬಂತು. ಸಾಹೇಬರಿಗೆ ಒಳ್ಳೆಯ ಚಾಕುವೇ ಆಗಬೇಕು ಎಂದು ಎಲ್ಲರೂ ಒಪ್ಪಿದರು. ನಾರ್ಹೆಯಲ್ಲಿ ಒಬ್ಬ ಎಂಜಿನಿಯರು ನೌಕರಿ ಬಿಟ್ಟು ಕೈಯಿಂದ ಚಾಕು ಮಾಡುತ್ತಾನಂತೆ, ಪರದೇಶದವರೂ ತರಿಸಿಕೊಳ್ಳುತ್ತಾರಂತೆ. ಧಾಯರಿಯಲ್ಲಿರುವ ನನ್ನ ಮನೆಗೆ ನಾರ್ಹೆ ಹತ್ತಿರ. "ಕಾಕು, ನೀವೇ ಹೋಗಿ ಮುಗಿಸಿ ಬನ್ನಿ" ಎಂದು ನನ್ನ ಮೇಲೆ ಹಾಕಿದರು.

ನನ್ನ ಗಂಡ ಪೇಪರಿನ ಮೇಲಿಂದ ನೋಡಿದರು. "ಆ ಮನಷ್ಯಾಗ ಚಾಕು, ಅದೂ ನಿನ್ನ ಕೈಯಾಗ ಕೊಟ್ಟು ಕಳಸ್ತಾರ. ಅವರಿಗೇನು ಬುದ್ಧಿ ಗಿದ್ಧಿ ಅದನೋ ಇಲ್ಲೋ."

"ಸುಮ್ಮನ ಆರಸ್ಲಿಕ್ಕೆ ಹೋಗೋದ್ರಿ."

"ಹೋಗು. ಮಡಚಿದ್ದು ತಗೊಂಡು ಬಾ, ಬಿಚ್ಚಿದ್ದು ಬ್ಯಾಡ."

ಚಾಕು ಮಾಡುವವನು ನಲವತ್ತರ ಮರಾಠಿ ಮನುಷ್ಯ, ಗಡ್ಡದ ತುಂಬ ಉಕ್ಕಿನ ಪುಡಿ. ತಗಡಿನ ಶೆಡ್ಡು, ಒಳಗೆ ಆಸ್ಪತ್ರೆಯಷ್ಟು ಸ್ವಚ್ಛ. ಹಿಡಿ ಟೈಟಾನಿಯಂ ಎಂದು, ಉಕ್ಕು ಹೊರದೇಶದ್ದು ಎಂದು ಗುಂಪಿನಲ್ಲಿ ಮೊದಲೇ ನಿಶ್ಚಯವಾಗಿತ್ತು. ಉಳಿದದ್ದು ಅಲಗಿನ ಮೈ ಹೇಗಿರಬೇಕು ಎನ್ನುವುದೊಂದೇ. ನಾಲ್ಕು ಮಾದರಿ ತಂದು ಬಿಳಿಯ ಬಟ್ಟೆಯ ಮೇಲಿಟ್ಟ. ನಾವಿಬ್ಬರೂ ಆಡಿದ್ದು ಮರಾಠಿ. ಆದರೆ ನನ್ನ ನೆನಪಿಗೆ ಎಲ್ಲ ಮಾತೂ ಅಜ್ಜಿಯ ಕನ್ನಡದಲ್ಲಿಯೇ ಬರುತ್ತದೆ.

"ಇದು ಸ್ಟೋನ್‌ವಾಶ್ ನೋಡ್ರಿ ಕಾಕು. ಸಣ್ಣ ಕಲ್ಲಿನ ಜೋಡಿ ಡಬ್ಬಿಯೊಳಗ ಹಾಕಿ ತಿರಗಸ್ತೀನಿ. ಮೈತುಂಬ ಸಾವಿರ ಸಣ್ಣ ಗುರುತು ಬೀಳ್ತಾವ. ಮ್ಯಾಲ ಇನ್ನ ನೂರು ಗೀರು ಬಿದ್ರೂ ಯಾರಿಗೂ ತಿಳಿಯಂಗಿಲ್ಲ. ದಿನಾ ಬಳಸೋರಿಗೆ ಇದ ಛಲೋ."

ಬೂದು ಬಣ್ಣದ, ಯಾವ ತಪ್ಪನ್ನೂ ನುಂಗಿಕೊಳ್ಳುವ ಮೈ. ಸಾಹೇಬರು ಸಹಿ ಮಾಡಿದ ಕಾಗದ ಹೀಗೆಯೇ ಇತ್ತು ಎಂದುಕೊಂಡು ಅದನ್ನು ಬದಿಗೆ ಸರಿಸಿದೆ.

ಎರಡನೆಯದು ಸ್ಯಾಟಿನ್. ಉದ್ದಕ್ಕೆ ಒಂದೇ ದಿಕ್ಕಿನ ಸಣ್ಣ ಗೆರೆಗಳು, ರೇಷ್ಮೆ ಸೀರೆಯ ಮಡಿಕೆಯ ಹಾಗೆ. ನೋಡಲು ಚಂದ, ಗೀರು ಬಿದ್ದರೆ ಅದೇ ಗೆರೆಗಳೊಳಗೆ ಅರ್ಧ ಮುಚ್ಚಿಹೋಗುತ್ತದೆ. ಅರ್ಧ ಮುಚ್ಚುವುದೂ ನನಗೆ ಬೇಡವಾಗಿತ್ತು. ಮೂರನೆಯದು ಕಪ್ಪು ಲೇಪದ್ದು. ಗಟ್ಟಿ, ಕೈಗುರುತು ಹತ್ತುವುದಿಲ್ಲ, ಬೆಳಕು ಹೊಳೆಯುವುದಿಲ್ಲ. ಕಳ್ಳನ ಚಾಕುವಿನಂತಿತ್ತು. ಸಾಹೇಬರಿಗೆ ಒಪ್ಪುತ್ತಿತ್ತು, ಆದರೆ ಅವರು ಅದನ್ನು ಇಷ್ಟಪಟ್ಟುಬಿಟ್ಟರೆ ಎಂಬ ಅಂಜಿಕೆಯಾಯಿತು.

ನಾಲ್ಕನೆಯದು ಕನ್ನಡಿ.

"ಇದು ಸುಮ್ಮನ ತೋರಸ್ಲಿಕ್ಕೆ ಇಟ್ಟೀನ್ರಿ" ಎಂದ. "ಕಪಾಟಿನೊಳಗ ಇಡೋರಿಗೆ. ಬೆರಳು ತಾಗಿದ್ರ ಗುರುತು. ಕಿಲಿಕೈ ತಾಗಿದ್ರ ಗೀರು. ಹಣ್ಣು ಹೆಚ್ಚಿ ಧೋತರಕ್ಕ ಒರಸಿದ್ರ ಆ ಬಟ್ಟೀ ಧೂಳಿಗೂ ಗೀರು. ದಿನಾ ಜೇಬಿನ್ಯಾಗ ಇಡೋರಿಗೆ ಇದು ಶಿಕ್ಷಾ."

"ಇದ ಇರಲಿ" ಎಂದೆ.

ಅವನು ನನ್ನನ್ನೇ ನೋಡಿದ. "ಕಾಕು, ಅವರ ಮ್ಯಾಲ ನಿಮಗ ಭಾಳ ಪ್ರೀತಿ ಅದನೋ, ಏನು ಭಾಳ ಸಿಟ್ಟದನೋ."

"ಅವರ ಕಣ್ಣು ಭಾಳ ಸೂಕ್ಷ್ಮ. ಮೂವತ್ತು ವರ್ಷ ಗೀರು ನೋಡೋದ ಅವರ ಕೆಲಸ" ಎಂದೆ. ಅದು ಸುಳ್ಳಲ್ಲ. ಬೇರೆ ಯಾರಾದರೂ ಎರಡು ಗೀರು ಬಿದ್ದರೆ ಮರೆತುಬಿಡುತ್ತಾರೆ. ಸಾಹೇಬರಿಗೆ ಮರೆಯಲು ಬರುವುದಿಲ್ಲ. ತಮ್ಮ ಕೈಯಾರೆ ಬೀಳಿಸಿದ ಗೀರು ದಿನಾ ಪೇರಲ ಹೆಚ್ಚುವಾಗ ಅವರ ಕಣ್ಣಿಗೆ ಚುಚ್ಚಬೇಕು. ಇವತ್ತು ಒಂದು, ನಾಳೆ ಎರಡು, ನಾಡಿದ್ದು ಲೆಕ್ಕ ತಪ್ಪಬೇಕು. ಇದನ್ನು ಯೋಚಿಸಿದಾಗ ನನ್ನ ಬಾಯಲ್ಲಿ ನೀರೂರಿತು. ದೇವರ ಮುಂದೆ ಸುಳ್ಳು ಹೇಳಲಾರೆ.

ಮಾದರಿಯ ಅಲಗನ್ನು ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದೆ. ಬೆಳಕಿನ ಗೆರೆ ನಡುವೆ ಅಲೆಅಲೆಯಾಗಿ ಬಾಗಿತು. "ಇದು ಚಕ್ರದ ಮ್ಯಾಲ ಮಾಡೀರಿ. ತೆರಿ ಬಂದದ, ಅಂಚೂ ಕರಗ್ಯಾವ."

ಅವನಿಗೆ ತಾಗಿತು. "ಕೈಲೆ ಮಾಡಿದ್ರ ಈ ಉಕ್ಕಿಗೆ ನಾಕು ದಿನ ಬೇಕು. ಯಾರು ಮಾಡ್ತಾರ?"

"ನಾ ಮಾಡ್ತೀನಿ."

ಮೊದಲು ಅವನು ನಕ್ಕ. ಆಮೇಲೆ ಅದೇ ಉಕ್ಕಿನ ಕೆಟ್ಟ ಪಟ್ಟಿಯೊಂದನ್ನು ಕೊಟ್ಟು ಇದರ ಮೇಲೆ ತೋರಿಸಿರಿ ಎಂದ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ನೋಡಿ ನನಗೆ ಕುರ್ಚಿ ಹಾಕಿಸಿದ.

ನಾಲ್ಕಲ್ಲ, ಆರು ದಿನ ಹಿಡಿಯಿತು. ಆ ಉಕ್ಕಿಗೆ ಎಮರಿ ಹತ್ತುತ್ತಲೇ ಇರಲಿಲ್ಲ. ವಜ್ರದ ಪುಡಿಯೇ ಬೇಕಾಯಿತು. ಹನ್ನೊಂದು ವರ್ಷದ ನಂತರ ಬೆರಳುಗಳಿಗೆ ಅದೇ ಕೆಲಸ. ತಿರುಗಿಸು, ಉಜ್ಜು, ತೊಳೆ, ನೋಡು. ಒಂದು ಸಂಗತಿ ನನಗೆ ನಡುವೆ ಹೊಳೆದು ನಗು ಬಂತು. ಈ ಸೇಡು ತೀರಬೇಕಾದರೆ ಅಲಗಿನ ಮೇಲೆ ನನ್ನ ಒಂದು ಗೀರೂ ಉಳಿಯುವ ಹಾಗಿಲ್ಲ. ನನ್ನದೊಂದು ಉಳಿದರೆ ಅವರಿಗೆ ಹೇಳಿಕೊಳ್ಳಲು ಮಾತಾಯಿತು. ಹಾಗಾಗಿ ಸಿಟ್ಟಿನಲ್ಲಿ ಕೈ ಬಿರುಸಾದಾಗಲೆಲ್ಲ ಎದ್ದು ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದೆ. ಅಷ್ಟು ತಾಳ್ಮೆಯಿಂದ ನಾನು ಯಾರನ್ನೂ ದ್ವೇಷಿಸಿರಲಿಲ್ಲ.

ಬೀಳ್ಕೊಡುಗೆಯ ಊಟ ತಳೇಗಾಂವದ ಒಂದು ಸಭಾಗೃಹದಲ್ಲಿ. ಶಿವಾಜಿನಗರದಿಂದ ಲೋಕಲ್ ರೈಲು ಹಿಡಿದು ಹೋದೆ. ಸಾಹೇಬರಿಗೆ ಶಾಲು ಹೊದಿಸಿದರು, ಪೇಟ ಸುತ್ತಿದರು. ಉಡುಗೊರೆ ಕೊಡಲು ನನ್ನನ್ನೇ ಕರೆದರು. ಡಬ್ಬಿಯಿಂದ ಚಾಕು ತೆಗೆದು, ಮಡಚಿದ್ದನ್ನು ಅಂಗೈ ಮೇಲಿಟ್ಟು ಅವರ ಮುಂದೆ ಚಾಚಿದೆ.

ಸಾಹೇಬರ ಕೈ ಅರ್ಧಕ್ಕೆ ನಿಂತಿತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರ ನಡುವೆ ಜಗಳ ಹತ್ತುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಕೆಳಗಿಡಬೇಕು, ಮತ್ತೊಬ್ಬರು ಎತ್ತಿಕೊಳ್ಳಬೇಕು. ನಮ್ಮ ಮನೆಯಲ್ಲೂ ಹಾಗೆಯೇ, ಅವರ ಮನೆಯಲ್ಲೂ ಹಾಗೆಯೇ. ಸುತ್ತ ನಿಂತವರಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

"ಕೆಳಗಿಡ್ರಿ ಮೇಡಂ" ಎಂದರು ಮೆತ್ತಗೆ, ಕನ್ನಡದಲ್ಲಿ.

"ಕೈಯಾಗ ತಗೋರಿ ಸರ್."

"ಟೇಬಲ್ ಮ್ಯಾಲ ಇಡ್ರಿ. ನಿಮಗೂ ಗೊತ್ತದ."

"ಗೊತ್ತದ. ತಗೋರಿ."

ಹನ್ನೊಂದು ವರ್ಷ ಆಗದೇ ಉಳಿದ ಜಗಳ ಅದು. ನಾನು ಕೈ ಹಿಂದೆ ತೆಗೆಯಲಿಲ್ಲ. ಫೋಟೋ ತೆಗೆಯುವವನು "ಸರ್, ಈ ಕಡೆ" ಎಂದು ಕೂಗುತ್ತಿದ್ದ. ಸಾಹೇಬರು ತೆಗೆದುಕೊಂಡರು. ಬಿಚ್ಚಿದರು. ರೂಢಿ ಎಲ್ಲಿ ಹೋಗುತ್ತದೆ, ಅಲಗನ್ನು ದೀಪದ ಕೆಳಗೆ ಓರೆ ಹಿಡಿದರು. ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ದಾರದಂತೆ ನೆಟ್ಟಗೆ ಹೋಯಿತು.

"ಯಾರ ಕೆಲಸ ಇದು?" ಎಂದರು ಮರಾಠಿಯಲ್ಲಿ, ನಿಜವಾಗಿ ಬೆರಗಾಗಿ.

"ನನ್ನದು" ಎಂದೆ, ನಾನೂ ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಗೀರಿದೆಯೇ ನೋಡಿ ಹೇಳಿ, ಸರ್."

ಅವರು ಜೇಬಿನಿಂದ ಸಣ್ಣ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದರು. ಎರಡೂ ಬದಿ ನೋಡಿದರು. "ಇಲ್ಲ. ಒಂದೂ ಇಲ್ಲ" ಎಂದರು.

ನಾನು ಮುಂದಿನ ಮಾತಿಗೆ ಬಾಯಿ ತೆರೆಯುವುದರೊಳಗೆ ಅವರು ಎಲ್ಲರ ಕಡೆ ತಿರುಗಿ ನಕ್ಕರು. "ನೋಡಿದಿರಾ, ಕೊನೆಗೂ ಮೇಡಂ ಪಾಲಿಶು ಕಲಿತರು."

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಭಟ್ಟಿ ವಿಭಾಗದ ಹಳಬನೊಬ್ಬ "ಕಾಕು, ಆಗಲೇ ಹೀಗೆ ಮಾಡಿದ್ದರೆ ನಮ್ಮ ಮಾಲು ವಾಪಸು ಬರುತ್ತಿರಲಿಲ್ಲ" ಎಂದು ಪ್ರೀತಿಯಿಂದಲೇ ಹೇಳಿದ. ಆರು ದಿನದ ಕೆಲಸವನ್ನು ಆ ಮನುಷ್ಯ ಒಂದು ನಗೆಯಲ್ಲಿ ತನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡಿದ್ದ. ನಾನು ಶ್ರೀಖಂಡ ಮುಟ್ಟದೆ ಮೂರರ ಲೋಕಲ್ ಹಿಡಿದೆ. ದಾರಿಯುದ್ದಕ್ಕೂ ನನಗಿದ್ದ ಒಂದೇ ಸಮಾಧಾನವೆಂದರೆ, ಹೊರಡುವಾಗ ನೋಡಿದ್ದೆ, ಅವರು ಚಾಕುವನ್ನು ಸ್ಕೂಟರಿನ ಕಿಲಿಕೈ ಇದ್ದ ಜೇಬಿಗೇ ಹಾಕಿಕೊಂಡಿದ್ದರು.

ಏಳು ವಾರ ಕಾದೆ. ಎಂಟನೆಯ ವಾರ, ಬೆಳಗಿನ ಹನ್ನೊಂದಕ್ಕೆ, ಬಾಗಿಲ ಗಂಟೆ ಬಡಿಯಿತು. ಸಾಹೇಬರು. ಕೈಯಲ್ಲಿ ಮಖಮಲ್ ಚೀಲ.

"ಬರ್ರಿ ಸರ್" ಎಂದೆ. ಒಳಗೆ ಕೂರಿಸಿದೆ, ನೀರು ಕೊಟ್ಟೆ. ಮನೆಗೆ ಬಂದವರಿಗೆ ನೀರು ಕೊಡದಷ್ಟು ಸಿಟ್ಟು ನಮ್ಮ ಮನೆತನದಲ್ಲಿ ಯಾರಿಗೂ ಬಂದಿಲ್ಲ.

ಅವರು ಚಾಕು ಬಿಚ್ಚಿ ಟೇಬಲ್ ಮೇಲಿಟ್ಟರು. "ನಾರ್ಹೆಗೆ ಹೋಗಿದ್ದೆ. ಅವ ಇದು ನನ್ನ ಕೈಯಾಂದಲ್ಲ, ಕಾಕು ಕಡೆ ಹೋಗ್ರಿ ಅಂದ. ಕಲ್ಲಿನಾಗ ಹಾಕಿ ತಿರುಗಿಸಿ ಕೊಡ್ತೀನಿ ಅಂತಾನ. ಇಂಥಾ ಅಲಗು ಕಲ್ಲಿನಾಗ ಹಾಕಲಿಕ್ಕೆ ಮನಸಾಗವಲ್ದು. ನಾನ ಮನ್ಯಾಗ ಪೇಸ್ಟು ತಂದು ತಿಕ್ಕಿದೆ. ಇನ್ನ ಹೆಚ್ಚಿಗಿ ಆತು."

ಭೂತಗನ್ನಡಿ ಹಿಡಿದು ನೋಡಿದೆ. ಆಹಾ. ಕಿಲಿಕೈಯ ಗೀರು, ಬಟ್ಟೆಯ ಗೀರು, ಎಲ್ಲದರ ಮೇಲೆ ಅವರು ತಿಕ್ಕಿದ ಗೀರು, ಗುಂಡಗೆ, ಸೊಟ್ಟಗೆ. ಕೈ ತೊಳೆಯದೆ ಮಾಡಿದ ಕೆಲಸ ಎಂದು ಮೊದಲ ನೋಟಕ್ಕೇ ತಿಳಿಯುತ್ತಿತ್ತು.

"ಏನಾಗ್ಯದ ಸರ್ ಇದಕ್ಕ?"

"ಗೀರು ಬಿದ್ದಾವಲ್ರಿ."

"ಗೀರೋ, ಬಿರುಕೋ? ನೀವ ಹೇಳ್ರಿ. ನನಗ ಅದರ ಫರಕು ತಿಳಿಯಂಗಿಲ್ಲ ಅಂತ ಆ ದಿನ ಸಭಾದೊಳಗ ಠರಾವು ಆಗ್ಯದ."

ಅವರು ಕಿಟಕಿಯ ಹೊರಗೆ ನೋಡಿದರು. "ಹಳೇ ಮಾತು ಯಾಕ್ರಿ ಮೇಡಂ."

"ಹೊಸಾ ಮಾತು ಅದ. ಎಂಟ ವಾರದ ಹಿಂದ ನೀವ ಮತ್ತ ತಗದಿದ್ರಿ, ನೂರು ಮಂದಿ ಮುಂದ. ಗುಂಪಿನ್ಯಾಗ ಬರೀರಿ ಸರ್. ಆವತ್ತಿನ ಸ್ಯಾಂಪಲ್ಲಿನ್ಯಾಗ ಗೀರು ಇರಲಿಲ್ಲ ಅಂತ. ಬರದ್ರ ನಾ ಪಾಲಿಶು ಮಾಡ್ತೀನಿ. ಇಲ್ಲಾಂದ್ರ ಚಹಾ ಕುಡದು ಹೋಗ್ರಿ."

ನನ್ನ ಗಂಡ ಚಹಾದ ತಟ್ಟೆ ಹಿಡಿದು ಬಂದರು. "ಬರದುಬಿಡ್ರಿ ಸರ್" ಎಂದರು. "ನೀವು ಆ ಸಭಾದೊಳಗ ಹೇಳಿದ್ದು ಒಮ್ಮೆ. ನಾ ಅದನ್ನ ಹನ್ನೊಂದು ವರ್ಷ ದಿನಾ ಕೇಳೇನಿ. ನನ್ನ ಮ್ಯಾಲರ ದಯಾ ತೋರಸ್ರಿ."

ಸಾಹೇಬರು ಅಲಗನ್ನು ಇನ್ನೊಮ್ಮೆ ನೋಡಿದರು. ಫೋನು ತೆಗೆದರು. ಮರಾಠಿಯಲ್ಲಿ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. 'ಬಹುಶಃ ಆ ಸ್ಯಾಂಪಲ್ಲಿನಲ್ಲಿ ಗೀರು ಇರಲಿಕ್ಕಿಲ್ಲ' ಎಂದಿತ್ತು.

"ಬಹುಶಃ ತಗೀರಿ."

ತೆಗೆದರು.

"ಇರಲಿಕ್ಕಿಲ್ಲ ಅಲ್ಲ. ಇರಲಿಲ್ಲ. ಆಮ್ಯಾಲ ಬಿರುಕು ಯಾರು ತೋರಿಸಿದ್ರು, ಸಹಿ ಯಾರು ಮಾಡಿದ್ರು, ಅದನ್ನೂ ಹಾಕ್ರಿ."

ಅವರ ಕಿವಿ ಕೆಂಪಾಯಿತು. ಆದರೆ ಬರೆದರು. 'ಹನ್ನೊಂದು ವರ್ಷದ ಹಿಂದೆ ವಾಪಸು ಬಂದ ಮಾಲಿನ ಸ್ಯಾಂಪಲ್ಲಿನಲ್ಲಿ ಗೀರು ಇರಲಿಲ್ಲ. ಮೇಡಂ ಬಿರುಕನ್ನು ನನಗೆ ತೋರಿಸಿದ್ದರು. ಸಹಿ ಮಾಡಿದವನು ನಾನು.' ಅಡಿಗೆಮನೆಯಲ್ಲಿದ್ದ ನನ್ನ ಫೋನು ಟಿಣ್ ಎಂದಿತು. ನಾನು ಎದ್ದು ಹೋಗಿ, ಬಾಗಿಲ ಹಿಂದೆ ನಿಂತು, ಅದನ್ನು ನಾಲ್ಕು ಸಲ ಓದಿದೆ. ಭಟ್ಟಿಯ ಹಳಬ ಆಗಲೇ ಕೈ ಮುಗಿದ ಚಿತ್ರ ಹಾಕಿ 'ಕಾಕು, ಮಾಫ್ ಕರಾ' ಎಂದು ಬರೆದಿದ್ದ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. "ಮುಂದಿನ ಸೋಮವಾರ ಬರ್ರಿ" ಎಂದೆ.

ನಾರ್ಹೆಯವನು ಕೊಟ್ಟಿದ್ದ ಸಣ್ಣ ತಿರುಪುಳಿಯಿಂದ ಅಲಗು ಬಿಚ್ಚಿ, ಧಾರೆಗೆ ಟೇಪು ಸುತ್ತಿ, ಊಟದ ಟೇಬಲ್ ಮೇಲೆ ಗಾಜು ಹಾಕಿ ಕೂತೆ. ಐದನೆಯ ದಿನಕ್ಕೆ ಒಂದು ಬದಿ ಮುಗಿಯಿತು. ಗೀರಿಲ್ಲ, ತೆರೆಯಿಲ್ಲ. ಅಲಗನ್ನು ಮಗುಚಿದೆ. ಆ ಬದಿಯ ಗೀರುಗಳನ್ನು ನೋಡುತ್ತ ಕೂತೆ. ದಾಖಲೆ ಕೋಣೆಯ ಧೂಳು ಮೂಗಿಗೆ ಬಂದಂತಾಯಿತು. ಗಾಜು, ಪೇಸ್ಟು, ಬಟ್ಟೆ ಎಲ್ಲ ತೊಳೆದು ಎತ್ತಿಟ್ಟೆ.

"ಇನ್ನೊಂದು ಬದಿ?" ಎಂದರು ಗಂಡ.

"ಆತು" ಎಂದೆ.

ಸೋಮವಾರ ಸಾಹೇಬರು ಮೊದಲು ಹೊಳೆಯುವ ಬದಿ ನೋಡಿ ಅರಳಿದರು. ಆಮೇಲೆ ಮಗುಚಿದರು.

"ಈ ಮಗ್ಗಲು ಉಳದದಲ್ರಿ."

"ಹೌದ್ರಿ."

"ಎರಡೂ ಮಾಡ್ತೀನಿ ಅಂದಿದ್ರಲ್ಲಾ."

"ಪಾಲಿಶು ಮಾಡ್ತೀನಿ ಅಂದಿದ್ದೆ. ನೀವು ಬರದದ್ದಕ್ಕ ಒಂದು ಮಗ್ಗಲು ಮಾಡೇನಿ ಸರ್. ಒಂಬತ್ತು ವರ್ಷ ದಾಖಲೆ ಕೋಣ್ಯಾಗ ಕೂತಿದ್ದೆನಲ್ಲ, ಅದರದು ಆ ಕಡೀದು. ಅದು ಹಂಗ ಇರಲಿ."

ಅವರು ಚಾಕು ಮಡಚಿ ಚೀಲಕ್ಕೆ ಹಾಕಿಕೊಂಡರು. ಚಹಾ ಬೇಡವೆಂದರು. ನಾನು ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ಗೇಟಿನ ಹತ್ತಿರ ಸ್ಕೂಟರಿನ ಮೇಲೆ ಕೂತು, ಚೀಲದಿಂದ ಚಾಕು ತೆಗೆದು, ಬಿಸಿಲಿಗೆ ಹಿಡಿದು ಈ ಬದಿ ನೋಡಿದರು. ಆ ಬದಿ ನೋಡಿದರು. ಮತ್ತೆ ಈ ಬದಿ, ಮತ್ತೆ ಆ ಬದಿ. ಹಿಂದೆ ಕಾರೊಂದು ಬಂದು ಹಾರ್ನು ಹಾಕಿತು, ವಾಚ್‌ಮನ್ ಬಂದು ಸ್ಕೂಟರು ಸರಿಸಿರಿ ಎಂದ. ಅಷ್ಟು ಹೊತ್ತೂ ನಾನು ಬಿಸಿಲಲ್ಲಿ ನಿಂತು ನೋಡಿದೆ. ಒಳಗಿಂದ ಗಂಡ ಊಟಕ್ಕೆ ಎರಡು ಸಲ ಕರೆದರು.